ಬಲಗಡೆ ಜಾಗ ಬಿಟ್ಟು ನಡೆಯುವವರು

ನಮ್ಮ ಭಾವ ಒಬ್ಬರೇ ನಡೆಯುವಾಗಲೂ ಇಬ್ಬರಿಗೆ ಸಾಲುವಷ್ಟು ದಾರಿ ಹಿಡಿಯುತ್ತಾರೆ. ದೇಹವೇನೂ ದೊಡ್ಡದಲ್ಲ, ಸಾಧಾರಣ ಎತ್ತರ, ಒಣಕಲು ಎನ್ನಬಹುದಾದ ಮೈಕಟ್ಟು. ಆದರೆ ಬೀದಿಯಿರಲಿ, ಆಸ್ಪತ್ರೆಯ ಮೊಗಸಾಲೆಯಿರಲಿ, ರೈಲುನಿಲ್ದಾಣದ ಮೆಟ್ಟಿಲಿರಲಿ, ಅವರು ಎಡ ಅಂಚಿಗೆ ಸರಿದು, ಬಲಗಡೆ ಇನ್ನೊಬ್ಬ ಮನುಷ್ಯ ಸಲೀಸಾಗಿ ತೋಳು ಬೀಸಿ ಬರುವಷ್ಟು ಜಾಗ ಬಿಟ್ಟೇ ಹೆಜ್ಜೆ ಹಾಕುತ್ತಾರೆ; ಆ ಜಾಗಕ್ಕೆ ಯಾರಾದರೂ ಅಪರಿಚಿತರು ನುಗ್ಗಿದರೆ, ತಮ್ಮ ಮನೆಯ ಕುರ್ಚಿಯಲ್ಲಿ ಯಾರೋ ಹೇಳದೆ ಕೇಳದೆ ಕೂತಂತೆ ಒಮ್ಮೆ ತಿರುಗಿ ನೋಡುತ್ತಾರೆ. ಮದುವೆಯಾದ ಹೊಸದರಲ್ಲಿ ಅಕ್ಕ ಆ ಜಾಗ ತನಗೆಂದೇ ತಿಳಿದು ಹಿಗ್ಗಿದ್ದಳಂತೆ. ಅದು ತಾನು ಬರುವ ಮೊದಲೇ ಇನ್ನೊಬ್ಬರ ಪಾಲಾಗಿದ್ದ ಜಾಗವೆಂದು ಆಮೇಲೆ ಗೊತ್ತಾಯಿತು.

ಭಾವ ಟೆನಿಸ್ ಆಡಿ ಬದುಕಿದವರು. ಹೀಗೆಂದ ಕೂಡಲೇ ಕೇಳುವವರ ಕಣ್ಣು ಅರಳುತ್ತದೆ, ಡಬಲ್ಸ್ ಎಂದು ಸೇರಿಸಿದ ಕೂಡಲೇ ಅರಳಿದ್ದು ಅರ್ಧಕ್ಕೆ ಮುದುಡಿ, "ಓ, ಇಬ್ಬಿಬ್ಬರು ಆಡ್ತಾರಲ್ಲ, ಅದಾ?" ಎಂಬ ಪ್ರಶ್ನೆಯಾಗುತ್ತದೆ. ಹೌದು, ಅದೇ. ದೊಡ್ಡ ಪಂದ್ಯಾವಳಿಗಳಲ್ಲಿ ಸಿಂಗಲ್ಸ್ ಶೂರರು ನಡು ಅಂಗಳದಲ್ಲಿ ಸಾವಿರಾರು ಕಣ್ಣುಗಳ ಎದುರು ಬೆವರು ಸುರಿಸುತ್ತಿರುವಾಗ, ಪುರುಷರ ಡಬಲ್ಸ್ ಎಂಬುದು ಎಲ್ಲೋ ಹಿತ್ತಿಲಿನಂಥ ಅಂಗಳದಲ್ಲಿ, ಜನರೇಟರಿನ ಗುರುಗುಟ್ಟುವಿಕೆಯ ಪಕ್ಕದಲ್ಲಿ, ಆಟಗಾರರ ಹೆಂಡಂದಿರು, ನೆರಳು ಹುಡುಕಿ ಬಂದವರು ಮತ್ತು ದಾರಿ ತಪ್ಪಿದವರು ಎಂಬ ಮೂರು ವರ್ಗದ ಪ್ರೇಕ್ಷಕರ ಸಮ್ಮುಖದಲ್ಲಿ ನಡೆಯುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಸೇರದ ನಾನು ಭಾವಮೈದ ಎಂಬ ನಾಲ್ಕನೆಯ ವರ್ಗದವನು. ಪತ್ರಿಕೆಯಲ್ಲಿ ಪುಸ್ತಕಗಳ ಮೇಲೆ ಬರೆದು ಹೊಟ್ಟೆ ಹೊರೆಯುವ ನನಗೆ ಆಟದ ಗಂಧಗಾಳಿ ಇರಲಿಲ್ಲ. ಅಕ್ಕನ ಜೊತೆಗೆಂದು ಹೋಗಿ ಹೋಗಿ, ಕೂತು ಕೂತು, ಕೊನೆಗೆ ಸಿಂಗಲ್ಸ್ ನೋಡಿದರೆ ಅರ್ಧ ಅಂಗಳ ಖಾಲಿ ಬಿದ್ದಿದೆಯಲ್ಲ ಎಂದು ಮರುಗುವ ಮಟ್ಟಕ್ಕೆ ಬಂದಿದ್ದೇನೆ.

ಭಾವನ ಬಾಯಲ್ಲಿ 'ನಾನು' ಎಂಬ ಪದವನ್ನು ಕೇಳಿದವರು ವಿರಳ. ಸಂಗಾತಿ ಚೆಂಡನ್ನು ನೆಟ್ಟಿಗೆ ಬಡಿದರೂ "ನಾವು ಸ್ವಲ್ಪ ಅವಸರ ಮಾಡಿದ್ವಿ" ಎನ್ನುತ್ತಾರೆ. ತಾವೇ ಅದ್ಭುತವಾಗಿ ಹೊಡೆದರೂ "ನಮಗೆ ಚೆನ್ನಾಗಿ ಬಂತು" ಎನ್ನುತ್ತಾರೆ. ಈ ಬಹುವಚನ ಅಂಗಳದಿಂದ ಮನೆಯವರೆಗೂ ಅವರ ಬೆನ್ನು ಬಿಡದೆ ಬಂದಿದೆ. ಒಮ್ಮೆ ಹಲ್ಲಿನ ವೈದ್ಯರ ಬಳಿ ಹೋಗಿ, ಕೆನ್ನೆ ಹಿಡಿದುಕೊಂಡು, "ನಮಗೆ ಎರಡು ದಿನದಿಂದ ಹಲ್ಲುನೋವು" ಎಂದಾಗ, ಆ ಪುಣ್ಯಾತ್ಮ ಬಾಗಿಲ ಕಡೆ ನೋಡಿ, "ಇನ್ನೊಬ್ಬರನ್ನೂ ಒಳಗೆ ಕರೀರಿ" ಎಂದರಂತೆ.

ಇನ್ನು ಅವರ ಕಣ್ಣಿನ ಮಾತು. ಲೋಕದ ಯಾವ ಅಳತೆಯೂ ಭಾವನಿಗೆ ಬಾರದು. ಅವರು ತಂದ ಪರದೆ ಕಿಟಕಿಗೆ ಗೇಣುದ್ದ ಸಾಲುವುದಿಲ್ಲ. ಅವರು ಹಿಡಿಯಲು ಹೊರಟ ರೈಲು ಯಾವಾಗಲೂ ಆಗ ತಾನೆ ಹೋಗಿರುತ್ತದೆ. ಸಾರಿಗೆ ಹಾಕಿದ ಉಪ್ಪಿನ ವಿಷಯವಾಗಿ ಅಕ್ಕ ಅವರನ್ನು ಅಡುಗೆಮನೆಯಿಂದ ಶಾಶ್ವತವಾಗಿ ಹೊರಗಟ್ಟಿದ್ದಾಳೆ. ಆದರೆ ಗಾಳಿಯಲ್ಲಿ ಹಾರುತ್ತಿರುವ ಚೆಂಡೊಂದನ್ನು ತೋರಿಸಿ, ಅದು ಎಲ್ಲಿ ಬೀಳುತ್ತದೆಂದು ಕೇಳಿ! ಚೆಂಡು ಇನ್ನೂ ಏರುತ್ತಿರುವಾಗಲೇ ಅವರಿಗೆ ಅದರ ಜಾತಕ ಗೊತ್ತು. ಗೆರೆಯ ಒಳಗೋ ಆಚೆಯೋ ಎಂಬ ತೀರ್ಪು, ಲೆಕ್ಕಾಚಾರವಿಲ್ಲದೆ, ಸೀನು ಬಂದಷ್ಟು ಸಹಜವಾಗಿ ಅವರ ಬಾಯಿಂದ ಹೊರಬೀಳುತ್ತದೆ. ಆಚೆ ಹೋಗುವುದಾದರೆ ಒಂದೇ ಕೂಗು: "ಬಿಡು!" ಆ ಕೂಗು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಭಾವನಿಗೆ ಅಹಂಕಾರವೆಂಬುದು ಇದ್ದರೆ ಅದು ಇದೊಂದರಲ್ಲಿ. ಮತ್ತು ಅದು ಸಣ್ಣ ಅಹಂಕಾರವೇನಲ್ಲ.

ಈ ಕೂಗು ಹುಟ್ಟಿದ್ದು ಏಣಿಗಾಗಿ. ಏಣಿ ಎಂಬುದು ಭಾವನ ಜೊತೆಗಾರನಿಗೆ ಆಟಗಾರರೆಲ್ಲ ಇಟ್ಟ ಹೆಸರು. ಬಾಗಿಲುಗಳಲ್ಲಿ ಬಗ್ಗಿಯೇ ಬರಬೇಕಾದ, ಮಂಚದ ಆಚೆ ಪಾದ ಚಾಚಿಯೇ ಮಲಗಬೇಕಾದ ಆ ಮಹಾಕಾಯ ಹನ್ನೊಂದು ವರ್ಷ ಭಾವನ ಬಲಗಡೆ ನಿಂತು ಆಡಿದವನು. ಡಬಲ್ಸಿನಲ್ಲಿ ಎದುರಾಳಿಗಳು ನೆಟ್ಟಿನ ಬಳಿ ನಿಂತವನ ತಲೆಯ ಮೇಲೆ ಎತ್ತರಕ್ಕೆ ಚೆಂಡು ಹಾರಿಸುವುದುಂಟು. ಅದನ್ನು ಲಾಬ್ ಎನ್ನುತ್ತಾರೆ. ಏಣಿಯ ದೌರ್ಬಲ್ಯವೆಂದರೆ, ಎತ್ತರದ ಚೆಂಡು ಕಂಡರೆ ಅವನಿಗೆ ತಡೆಯಲಾಗದು. ತಾನಾಗಿ ಆಚೆ ಬಿದ್ದು ತನಗೇ ಅಂಕ ತರುವ ಚೆಂಡನ್ನೂ ಹಾರಿ, ಎಟುಕಿಸಿ, ಬಡಿದು ಹಾಳು ಮಾಡುತ್ತಿದ್ದ. ಮುಖ ಮೇಲೆತ್ತಿದರೆ ಅವನಿಗೆ ಆಕಾಶ ಕಾಣುತ್ತಿತ್ತೇ ಹೊರತು ಗೆರೆ ಕಾಣುತ್ತಿರಲಿಲ್ಲ. ಗೆರೆ ಕಾಣುವ ಕೆಲಸ ಭಾವನದು. "ಬಿಡು!" ಎಂದು ಎಡಗಡೆಯಿಂದ ದನಿ ಬಂದರೆ, ಎತ್ತಿದ ಕೈ ಎತ್ತಿದಂತೆಯೇ ನಿಂತು, ಚೆಂಡು ತಲೆಯ ಮೇಲೆ ಹಾದು ಹಿಂದೆ ಆಚೆ ಬೀಳುತ್ತಿತ್ತು, ಏಣಿ ತಿರುಗಿಯೂ ನೋಡದೆ "ಸರಿ" ಎನ್ನುತ್ತಿದ್ದ. "ಬಿಡು", "ಸರಿ", "ಬಿಡು", "ಸರಿ". ಹನ್ನೊಂದು ವರ್ಷದ ಅವರ ಸಂಭಾಷಣೆಯಲ್ಲಿ ಮುಕ್ಕಾಲು ಪಾಲು ಇಷ್ಟೇ ಇದ್ದೀತು.

ಭಾವನ ಕೋಟಿನ ಕಥೆಯೂ ಇಲ್ಲಿಯದೇ. ಮೊಳಕಾಲು ಮುಟ್ಟುವ, ತೋಳನ್ನು ಎರಡು ಸುತ್ತು ಮಡಚಿದ ಬೂದು ಬಣ್ಣದ ಕೋಟು ಹಾಕಿಕೊಂಡು ಅವರು ಬೀದಿಯಲ್ಲಿ ಹೊರಟರೆ, ಯಾರದೋ ಕೋಟು ನಡೆದು ಬರುತ್ತಿದೆ, ಒಳಗೆ ಭಾವ ಸುಮ್ಮನೆ ಜೊತೆಗಿದ್ದಾರೆ ಎನಿಸುತ್ತದೆ. ಮೊದಲ ಗೆಲುವಿನ ದಿನ ರೈಲಿನ ಅವಸರದಲ್ಲಿ ಇಬ್ಬರೂ ಕೋಟು ಅದಲುಬದಲು ಹಾಕಿಕೊಂಡು ಓಡಿದರು. ಮುಂದಿನ ಪಂದ್ಯಕ್ಕೆ ಸರಿಯಾದ ಕೋಟು ತೊಟ್ಟು ಹೋದರೆ ಸೋತರು. ಅಲ್ಲಿಗೆ ಮುಗಿಯಿತು, ಅಂದಿನಿಂದ ಭಾವನದು ಏಣಿಯ ಕೋಟು, ಏಣಿಯದು ಭಾವನ ಕೋಟು. ಸೊಂಟಕ್ಕೂ ಬಾರದ ಆ ಕೋಟಿನಲ್ಲಿ ಏಣಿಯನ್ನು ನೋಡಿದವರು, ಬಟ್ಟೆ ಒಗೆಯುವವನು ಕುಗ್ಗಿಸಿಬಿಟ್ಟನೇ ಎಂದು ಕೇಳುವರು. ಇಬ್ಬರಿಗೂ ಅದರಿಂದ ಕೊಂಚವೂ ನಾಚಿಕೆಯಿರಲಿಲ್ಲ.

ಆದರೆ ಕೋಟು ಬದಲಾದರೂ ಒಂದು ಭಾಗ್ಯ ಬದಲಾಗಲಿಲ್ಲ. ಫೈನಲ್ ತನಕ ಹೋಗುವುದು, ಫೈನಲ್ಲಿನಲ್ಲಿ ಸೋಲುವುದು. ಇದು ಅವರ ಪದ್ಧತಿಯೇ ಆಯಿತು. ಗೆದ್ದವರಿಗೆ ಬಹುಮಾನದ ಕಪ್ಪು, ಸೋತವರಿಗೆ ಬೆಳ್ಳಿಯ ಬಣ್ಣದ ತಟ್ಟೆ. ಅಕ್ಕನ ಮನೆಯಲ್ಲಿ ತಟ್ಟೆಗೆ ಬರವಿಲ್ಲ. ಒಂದರಲ್ಲಿ ಬೀಗದಕೈ, ಒಂದರಲ್ಲಿ ಈರುಳ್ಳಿ, ಒಂದು ನೀರಿನ ಪಾತ್ರೆಯ ಮುಚ್ಚಳ, ಇನ್ನೊಂದು ಹೂಕುಂಡದ ಕೆಳಗೆ. ನಡುಮನೆಯ ಗೋಡೆಯಲ್ಲಿ ಮಾತ್ರ ಒಂದು ಸಣ್ಣ ಮರದ ಹಲಗೆಯನ್ನು ಹೊಡೆಸಿ, ಖಾಲಿ ಬಿಟ್ಟು, ದಿನಾ ಧೂಳು ಒರೆಸುತ್ತ ಬಂದಿದ್ದಾಳೆ. ಅದು ಕಪ್ಪಿಗೆ. "ತಟ್ಟೆ ಸಾಕಪ್ಪ, ಮನೆ ತುಂಬಿದೆ. ಒಂದೇ ಒಂದು ಕಪ್ಪು ತಗೊಂಡು ಬನ್ನಿ, ಆಮೇಲೆ ಏನೂ ಕೇಳಲ್ಲ," ಎನ್ನುವಳು. ಭಾವ ತಲೆ ಕೆರೆದುಕೊಂಡು, "ತರ್ತೀವಿ, ತರ್ತೀವಿ," ಎನ್ನುವರು. ನಗುತ್ತ ಹೇಳಿದ ಮಾತಾದರೂ ಇಬ್ಬರಿಗೂ ಅದು ನಗೆಯ ವಿಷಯವಾಗಿರಲಿಲ್ಲವೆಂದು ಆ ಖಾಲಿ ಹಲಗೆಯನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಆಮೇಲೆ ಭಾವನ ಬಲ ಮಂಡಿ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ, ಊರುಗೋಲು, ಒಂದಿಡೀ ವರ್ಷದ ವಿಶ್ರಾಂತಿ. ಏಣಿ ಆಸ್ಪತ್ರೆಯ ಮಂಚದ ಪಕ್ಕ ಕೂತು, "ನೀನು ಬರೋವರೆಗೂ ನಾನೂ ಆಡಲ್ಲ," ಎಂದು ಹಟ ಹಿಡಿದಾಗ ಭಾವ ರೇಗಿದ್ದನ್ನು ನಾನು ಕಣ್ಣಾರೆ ಕಂಡೆ. "ಮಂಡಿ ಒಂದು ಕೆಟ್ಟಿದ್ದಕ್ಕೆ ನಾವಿಬ್ಬರೂ ಮಲಗಬೇಕಾ? ಹೋಗೋ, ಬೇರೆಯವರನ್ನ ಹುಡುಕ್ಕೋ!" ಎಂದು ಅಟ್ಟಿದರು. ಏಣಿ ಹೋದ, ಗುಂಗುರು ಕೂದಲಿನ ಒಬ್ಬ ಚುರುಕಿನ ಆಟಗಾರ ಸಿಕ್ಕ, ಅವನಿಗೆ ಎರಡು ವರ್ಷ ಜೊತೆಗಿರುತ್ತೇನೆಂದು ಮಾತು ಕೊಟ್ಟ. ಭಾವ ಎದ್ದು ಓಡಾಡುವ ಹೊತ್ತಿಗೆ ಆ ಮಾತು ಇನ್ನೂ ಮುಗಿದಿರಲಿಲ್ಲ. ಕೊಟ್ಟ ಮಾತು ಮುರಿದು ಬಾ ಎಂದು ಕರೆಯುವ ಜಾತಿಯವರಲ್ಲ ಭಾವ. ಕರೆದರೆ ಬರುವ ಜಾತಿಯವನಲ್ಲ ಏಣಿ. ಕೋಟುಗಳನ್ನು ಮಾತ್ರ ಯಾರೂ ಹಿಂದಿರುಗಿಸಲಿಲ್ಲ.

ಹೀಗೆ ಭಾವನ ಬಲಗಡೆಗೆ ಬಂದವನು ಎಡಚ. ಎಡಗೈ ಆಟಗಾರ, ಪ್ರಾಯದವನು, ಒಳ್ಳೆಯ ಹೊಡೆತದವನು. ಆದರೆ ಸಿಂಗಲ್ಸ್ ಆಡಿ ಬೆಳೆದವನಾದ್ದರಿಂದ ಮುಖದಲ್ಲಿ ಸದಾ ಒಂಟಿತನದ ಒಂದು ಬಿಗುವು. ಡಬಲ್ಸಿನವರಲ್ಲಿ ಒಂದು ಪದ್ಧತಿಯಿದೆ. ಪ್ರತಿ ಅಂಕದ ಕೊನೆಗೆ, ಗೆದ್ದಿರಲಿ ಸೋತಿರಲಿ, ಇಬ್ಬರೂ ಬಂದು ಅಂಗೈ ತಟ್ಟಿಕೊಳ್ಳಬೇಕು. ಎಡಚನಿಗೆ ಗೆದ್ದಾಗ ಅದು ಸಲೀಸು. ಸೋತಾಗ, ಅದೂ ಭಾವನ ತಪ್ಪಿನಿಂದ ಸೋತಾಗ, ಬೆನ್ನು ತಿರುಗಿಸಿ ರಾಕೆಟ್ಟಿನ ತಂತಿ ಸರಿಪಡಿಸುತ್ತ ನಿಲ್ಲುತ್ತಿದ್ದ. ಭಾವ ಬಿಡುತ್ತಿರಲಿಲ್ಲ, ಅಂಗೈ ಚಾಚಿಕೊಂಡು ಅವನ ಹಿಂದೆಯೇ ಹೋಗಿ ನಿಲ್ಲುವರು. "ಗೆದ್ದಾಗ ಕೈ ಯಾರು ಬೇಕಾದ್ರೂ ಕೊಡ್ತಾರೆ ಕಣಪ್ಪ. ನಮಗೆ ಕೈ ಬೇಕಾಗೋದು ಸೋತಾಗ," ಎಂದು ಅವರು ಎಷ್ಟು ಹೇಳಿದರೂ ಅವನು ಎರಡು ಬೆರಳು ತಾಗಿಸಿ ಹೋಗುತ್ತಿದ್ದ.

ಆ ವರ್ಷ ಒಂದು ದೊಡ್ಡ ಪಂದ್ಯಾವಳಿ ನಮ್ಮ ಊರಿನಲ್ಲೇ ನಡೆಯಿತು. ಮಂಡಿಯ ವೈದ್ಯರು ಇದೇ ಕೊನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಭಾವ, ಎಡಚ ಒಂದೊಂದೇ ಸುತ್ತು ದಾಟಿ ಫೈನಲ್ಲಿಗೆ ಬಂದರು. ಅತ್ತಲಿಂದ ಏಣಿಯೂ ಅವನ ಗುಂಗುರು ಕೂದಲಿನವನೂ ಬಂದರು. ಕೊನೆಯ ಪಂದ್ಯಾವಳಿ, ಕೊನೆಯ ಪಂದ್ಯ, ಎದುರಿಗೆ ಏಣಿ. ಗೆದ್ದರೆ ಹಲಗೆಯ ಮೇಲೆ ಕಪ್ಪು, ಸೋತರೆ ಇನ್ನೆಂದೂ ಇಲ್ಲ. ಹಿಂದಿನ ಸಂಜೆ ಅಕ್ಕನ ಊಟದ ಮೇಜಿನ ಮೇಲೆ ಭಾವ ಉಪ್ಪಿನ ಸೀಸೆಯನ್ನು ಏಣಿಯಾಗಿ ನಿಲ್ಲಿಸಿ ಎಡಚನಿಗೆ ಉಪಾಯ ಹೇಳಿಕೊಟ್ಟರು. "ಎತ್ತರಕ್ಕೆ ಹಾರಿಸ್ತಾ ಇರೋಣ. ಒಳಗೆ ಬೀಳೋದು, ಆಚೆ ಹೋಗೋದು, ಎಲ್ಲಾ ಹೊಡೀತಾನೆ ಅವನು. ಅರ್ಧ ನೆಟ್ಟಿಗೆ, ಅರ್ಧ ಜನರ ಮೇಲೆ. ಬಿಡು ಅಂತ ಹೇಳೋರು ಬೇಕು ಅವನಿಗೆ. ಈಗ ಹೇಳೋರಿಲ್ಲ." ಕೊನೆಯ ವಾಕ್ಯ ಹೇಳಿ ಉಪ್ಪಿನ ಸೀಸೆಯನ್ನು ಸ್ವಲ್ಪ ಹೊತ್ತು ನೋಡಿದರು. ಅಕ್ಕ ಮತ್ತೆ ಬಡಿಸಲು ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದರು.

ಮರುದಿನ ನಡು ಅಂಗಳದಲ್ಲೇ ಆಟ, ಏಕೆಂದರೆ ಅದರ ಬೆನ್ನಿಗೇ ಸಿಂಗಲ್ಸ್ ಫೈನಲ್. ಜನ ಆಟದ ನಡುವೆಯೇ ಬಂದು ಕುರ್ಚಿ ಹುಡುಕುತ್ತಿದ್ದರು. ನನ್ನ ಹಿಂದಿನ ದಪ್ಪ ಮನುಷ್ಯನೊಬ್ಬ, "ಇದು ಬೇಗ ಮುಗಿದ್ರೆ ಸಾಕಪ್ಪಾ," ಎಂದಾಗ ಅಕ್ಕ ತಿರುಗಿ ನೋಡಿದ ನೋಟಕ್ಕೆ ಅವನು ಉಗುಳು ನುಂಗಿಕೊಂಡ. ಮೊದಲ ಸೆಟ್ಟು ಏಣಿಯವರಿಗೆ ಹೋಯಿತು. ಎರಡನೆಯದರಲ್ಲಿ ಉಪ್ಪಿನ ಸೀಸೆಯ ಉಪಾಯ ಫಲಿಸತೊಡಗಿತು. ಭಾವ ಹಾರಿಸುವುದು, ಏಣಿ ಹಾರುವುದು. ಒಂದು ಚೆಂಡು ನೆಟ್ಟಿಗೆ, ಒಂದು ಚೆಂಡು ಪತ್ರಕರ್ತರ ಮೇಜಿಗೆ. ಗುಂಗುರು ಕೂದಲಿನವನು ತುಟಿ ಕಚ್ಚಿಕೊಂಡು ಸುಮ್ಮನಿದ್ದ. ಪಾಪ, ಕೂಗುವ ಅಭ್ಯಾಸ ಅವನಿಗಿರಲಿಲ್ಲ. ಎರಡನೆಯ ಸೆಟ್ಟು ನಮ್ಮದಾಯಿತು. ಮೂರನೆಯ ಸೆಟ್ಟಿನ ಬದಲು ಆಡುವ ನಿರ್ಣಾಯಕ ಟೈಬ್ರೇಕಿನಲ್ಲಿ ಒಂದು ಅಂಕ ಅವರಿಗೆ, ಒಂದು ಇವರಿಗೆ ಎಂದು ಏರುತ್ತ ಏರುತ್ತ, ಕೊನೆಗೆ ಅವರು ಒಂದು ಮುಂದಾದರು. ಇನ್ನೊಂದು ಗೆದ್ದರೆ ಪಂದ್ಯವೇ ಅವರದು. ಸಿಂಗಲ್ಸ್ ನೋಡಲು ಬಂದವರೂ ಅಷ್ಟು ಹೊತ್ತಿಗೆ ಕುರ್ಚಿಯ ತುದಿಗೆ ಬಂದಿದ್ದರು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು. ಅದರ ಗುರುತು ಎರಡು ದಿನ ಉಳಿಯಿತು.

ಆ ಅಂಕದಲ್ಲಿ ಚೆಂಡು ಹಲವು ಸಲ ಆಚೀಚೆ ಹೋಯಿತು. ಭಾವ ಹಿಂದೆ ಸರಿದು, ಕೆಟ್ಟ ಮಂಡಿಯ ಮೇಲೆಯೇ ಭಾರ ಹಾಕಿ, ಮತ್ತೊಂದು ಲಾಬ್ ಎತ್ತಿದರು. ಚೆಂಡು ಏರಿತು. ಏಣಿ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಮುಖ ಆಕಾಶಕ್ಕೆ ಮಾಡಿ, ರಾಕೆಟ್ಟನ್ನು ಹೆಗಲ ಹಿಂದಕ್ಕೆ ಒಯ್ದ; ಹೊಡೆಯುವುದು ಖಂಡಿತ, ಹಾಳು ಮಾಡುವುದು ಬಹುಪಾಲು ಖಂಡಿತ. ಆಗ ಅಂಗಳದ ಆ ನಿಶ್ಶಬ್ದದಲ್ಲಿ ಒಂದು ಕೂಗು ಕೇಳಿತು.

"ಬಿಡು!"

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಚೆಂಡು ಏಣಿಯ ತಲೆಯ ಮೇಲೆ ಹಾದು, ಹಿಂದಿನ ಗೆರೆಯಿಂದ ಒಂದು ಅಂಗೈ ಆಚೆ ಬಿತ್ತು. ಏಣಿ ತಿರುಗಿಯೂ ನೋಡಲಿಲ್ಲ.

"ಸರಿ," ಎಂದ.

ಹಾಗೆಂದ ಮೇಲೆ ಅವನಿಗೆ ಅರ್ಥವಾಯಿತು. ದನಿ ಎಡಗಡೆಯಿಂದ ಬಂದದ್ದಲ್ಲ, ನೆಟ್ಟಿನ ಆಚೆಯಿಂದ ಬಂದದ್ದು. ಗೆದ್ದವನು ಕೈಯೆತ್ತಿ ಕುಣಿಯಬೇಕಾದ ಹೊತ್ತಿನಲ್ಲಿ ಅವನು ಬಾಯಿ ತೆರೆದುಕೊಂಡು ಭಾವನನ್ನೇ ನೋಡುತ್ತ ನಿಂತ. ಭಾವ ನಾಲಿಗೆ ಕಚ್ಚಿಕೊಂಡಿದ್ದರು. ಎತ್ತರದ ಕುರ್ಚಿಯಲ್ಲಿದ್ದ ಅಂಪೈರಮ್ಮ ಬಗ್ಗಿ, ಚೆಂಡು ಎದುರಾಳಿಯ ಕಡೆ ಹೋಗುತ್ತಿರುವಾಗ ಮಾತಾಡುವಂತಿಲ್ಲವೆಂಬ ನಿಯಮವನ್ನು ನೆನಪಿಸಿ, "ನೀವು ಯಾರಿಗೆ ಹೇಳಿದ್ದು?" ಎಂದು ಕೇಳಿದರು. ಭಾವ ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ನೆಟ್ಟಿನ ಆಚೆ ಬೆರಳು ಮಾಡಿ, "ಅವನಿಗೆ," ಎಂದರು. ಜನ ಹೋ ಎಂದು ನಕ್ಕರು. ನಿಯಮ ಹೇಗಿದ್ದರೂ ಚೆಂಡು ಆಚೆ ಬಿದ್ದಾಗಿತ್ತು, ಪಂದ್ಯ ಮುಗಿದಿತ್ತು.

ನನಗೆ ಹೆದರಿಕೆಯಾದದ್ದು ಎಡಚನನ್ನು ನೋಡಿ. ಸೊಂಟದ ಮೇಲೆ ಕೈಯಿಟ್ಟು, ಕೆಂಪಗಾಗಿ, "ನೀವು ಯಾವ ಕಡೆ ಸಾರ್?" ಎಂದು ಕೇಳಿದ ಅವನ ದನಿ ನಮ್ಮ ಸಾಲಿನವರೆಗೂ ಬಂತು. ಮೊದಲ ಬಾರಿಗೆ ಭಾವನ ಅಂಗೈ ಮುಂದೆ ಚಾಚಲಿಲ್ಲ, ಇಳಿಬಿದ್ದಿತ್ತು. ಎಡಚ ಬೆನ್ನು ತಿರುಗಿಸಿದ, ರಾಕೆಟ್ಟಿನ ತಂತಿಯನ್ನು ಬೆರಳಿನಿಂದ ಸರಿಪಡಿಸಿದ. ಆಮೇಲೆ ಅದೇನು ಅನ್ನಿಸಿತೋ, ತಿರುಗಿ ಬಂದು, ಭಾವನ ಇಳಿಬಿದ್ದ ಕೈಯನ್ನು ತಾನೇ ಎತ್ತಿ, ಅಂಗೈಗೆ ಅಂಗೈ ಸೇರಿಸಿ ಗಟ್ಟಿಯಾಗಿ ತಟ್ಟಿದ. "ನಾವು ಚೆನ್ನಾಗೇ ಆಡಿದ್ವಿ," ಎಂದ. ಅವನ ಬಾಯಲ್ಲಿ 'ನಾವು' ಎಂಬುದನ್ನು ಕೇಳಿದ್ದು ನಾನು ಅದೇ ಮೊದಲು. ಪಕ್ಕದಲ್ಲಿ ಅಕ್ಕ ಅಳುತ್ತಿದ್ದಳು. ನಾನೂ ಕನ್ನಡಕ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ನಮ್ಮ ಪತ್ರಿಕೆಯ ಆಟದ ಪುಟದ ಮಹಾಶಯರು ಮರುದಿನ ಅದನ್ನು ತ್ಯಾಗವೆಂದು ಬರೆದರು, ಸ್ನೇಹಕ್ಕಾಗಿ ಕಿರೀಟವನ್ನೇ ಧಾರೆಯೆರೆದರೆಂದು ಕೊಂಡಾಡಿದರು. ಓದಿ ಭಾವ ಕೆಂಡವಾದರು. "ತ್ಯಾಗ ಅಂತೆ! ನಾವು ಗೆಲ್ಲೋಕೆ ಹೋಗಿದ್ದು ಕಣೋ. ಬಾಯಿ ತಪ್ಪಿ ಬಂತು, ಅಷ್ಟೇ." ನಿಜ. ತ್ಯಾಗ ಮಾಡುವಷ್ಟು ದೊಡ್ಡ ಮನುಷ್ಯರೇನಲ್ಲ ನಮ್ಮ ಭಾವ; ಗೆಲ್ಲುವ ಹಂಬಲದಲ್ಲಿ ಮಂಡಿಯನ್ನೇ ಒತ್ತೆಯಿಟ್ಟವರು. ನನ್ನ ಹೆಮ್ಮೆ ಇರುವುದೂ ಅಲ್ಲೇ. ತ್ಯಾಗಕ್ಕೆ ಒಂದು ಗಳಿಗೆಯ ಯೋಚನೆಯಾದರೂ ಬೇಕು. ಇವರಿಗೆ ಅದೂ ಬೇಕಾಗಲಿಲ್ಲ. ಅಷ್ಟು ರೇಗಿದವರು ಪತ್ರಿಕೆ ಮಡಚಿಟ್ಟು, ಕೊಂಚ ಹೊತ್ತಿನ ಮೇಲೆ ನನ್ನ ಕಡೆ ಬಗ್ಗಿ, ಕಣ್ಣು ಮಿಟುಕಿಸಿ, "ಆದ್ರೂ ಆಚೆ ಬಿತ್ತು ನೋಡಿದ್ಯಾ? ಒಂದೇ ಅಂಗೈ!" ಎಂದರು. ಸೋತ ಮನುಷ್ಯನ ಮುಖ ಅಷ್ಟು ಬೆಳಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಸಂಜೆ ಏಣಿ ಬಂದ. ಮೊಣಕೈ ದಾಟದ ತೋಳಿನ ಆ ಗಿಡ್ಡ ಕೋಟಿನಲ್ಲಿ, ಬಾಗಿಲಲ್ಲಿ ಬಗ್ಗಿ ಬಂದು, ಕಪ್ಪನ್ನು ಊಟದ ಮೇಜಿನ ಮೇಲಿಟ್ಟು, "ಇದನ್ನ ನೀನೇ ಇಟ್ಕೋ," ಎಂದ. "ಯಾಕೆ? ನಮ್ಮ ಬಾಲು ಆಚೆ ಹೋಯ್ತು. ನಿಮ್ಮದು ಅದು," ಎಂದು ಭಾವ ಅವನ ಕಡೆಗೇ ತಳ್ಳಿದರು. ಅವನು ಇತ್ತ ತಳ್ಳಿದ. ಮತ್ತೊಂದು ಪಂದ್ಯವೇ ಶುರುವಾಗುತ್ತಿತ್ತೇನೋ. ಅಷ್ಟರಲ್ಲಿ ಅಕ್ಕ ಎದ್ದು, ಕಪ್ಪನ್ನು ಏಣಿಯ ಚೀಲಕ್ಕೆ ಹಾಕಿ, ಭಾವ ತಂದಿದ್ದ ತಟ್ಟೆಯನ್ನು ಎತ್ತಿಕೊಂಡಳು. ಬೀಗದಕೈಗೋ ಈರುಳ್ಳಿಗೋ ಎಂದು ನಾನು ನೋಡುತ್ತಿದ್ದೆ. ಅವಳು ಅದನ್ನು ಬಟ್ಟೆಯಿಂದ ಒರೆಸಿ, ನಡುಮನೆಗೆ ಹೋಗಿ, ಕಪ್ಪಿಗೆಂದು ಅಷ್ಟು ವರ್ಷ ಖಾಲಿಯಿಟ್ಟಿದ್ದ ಹಲಗೆಯ ಮೇಲೆ ನಿಲ್ಲಿಸಿದಳು. "ಸಾಕು, ಹಲಗೆ ತುಂಬ್ತು," ಎಂದಳು.

ಚಹಾ ಕುಡಿದು ಇಬ್ಬರೂ ತಿರುಗಾಡಲು ಹೊರಟರು. ಅಕ್ಕ, ನಾನು ಕಿಟಕಿಯಲ್ಲಿ ನಿಂತು ನೋಡಿದೆವು. ಎಡ ಅಂಚಿನಲ್ಲಿ ಉದ್ದ ಕೋಟಿನ ಗಿಡ್ಡ ಮನುಷ್ಯ ಕುಂಟುತ್ತ, ಬಲಗಡೆ ಗಿಡ್ಡ ಕೋಟಿನ ಉದ್ದ ಮನುಷ್ಯ ತೋಳು ಬೀಸುತ್ತ. "ಅಂತೂ ಜಾಗದವರು ಬಂದ್ರು," ಎಂದಳು ಅಕ್ಕ. ಅವಳ ದನಿಯಲ್ಲಿ ಅಸೂಯೆಯಿರಲಿಲ್ಲವೆಂದರೆ ತಪ್ಪಾದೀತು, ಆದರೆ ಹೆಮ್ಮೆಯೇ ಹೆಚ್ಚಿತ್ತು.

ಲೋಕ ಒಬ್ಬರನ್ನೇ ನಡು ಅಂಗಳದಲ್ಲಿ ನಿಲ್ಲಿಸಿ ನೋಡಲು ಬಯಸುತ್ತದೆ. ನೋಡಲಿ, ಅವರೂ ಶೂರರೇ. ಆದರೆ ತಮ್ಮ ಅರ್ಧವನ್ನು ಕಾಯುತ್ತಲೇ ಪಕ್ಕದವನ ಆಕಾಶವನ್ನೂ ನೋಡಿಕೊಳ್ಳುವ ಒಂದು ಕುಲವಿದೆ. ಇವರು ಒಮ್ಮೆ ಇನ್ನೊಬ್ಬರಿಗೆ ಕಣ್ಣಾದರೆ, ಮುಂದೆ ಆ ಕಣ್ಣನ್ನು ಹಿಂದಕ್ಕೆ ಪಡೆಯಲಾರರು. ಆಟ ಬದಲಾಗಬಹುದು, ಪಕ್ಷ ಬದಲಾಗಬಹುದು, ನಡುವೆ ನೆಟ್ಟೇ ಬಂದು ನಿಲ್ಲಬಹುದು, ಆದರೂ ತಮ್ಮವನ ತಲೆಯ ಮೇಲೆ ಚೆಂಡು ಹಾದರೆ ಇವರ ಬಾಯಿ ಸುಮ್ಮನಿರುವುದಿಲ್ಲ. ಇಂಥವರ ಮನೆಯಲ್ಲಿ ಕಪ್ಪು ಸಿಗದಿರಬಹುದು. ಆದರೆ ಅವರ ಬಲಗಡೆ ನಡೆಯುವ ಭಾಗ್ಯ ಯಾರದೋ, ಅವರು ಮೇಲೆ ನೋಡಿಕೊಂಡೇ ನಡೆಯಬಹುದು.